ವಂದನಾರ್ಪಣೆಯಲ್ಲಿ ಹೇಳಲಾಗದ ಹೆಸರುಗಳು

ನಮ್ಮೂರ ಪುರಸಭೆಯ ರಂಗಮಂದಿರ ಮತ್ತೆ ಶುರುವಾದ ರಾತ್ರಿ, ವಂದನಾರ್ಪಣೆಯ ಹೊತ್ತಿಗೆ ಹನ್ನೊಂದು ದಾಟಿತ್ತು. ಸುತ್ತಲಿನ ಹಳ್ಳಿಯವರನ್ನು ಒಯ್ಯಲು ಟಂಟಂಗಳು ಹೊರಗೆ ಕಾಯುತ್ತಿದ್ದವು. ವೇದಿಕೆಯ ಮೇಲಿದ್ದವರ ಹೆಸರಷ್ಟೇ ಹೇಳಿ ಮುಗಿಸಬೇಕಾಯಿತು. ವೇದಿಕೆ ಹತ್ತದೆ ಕೆಲಸ ಮಾಡಿದವರಿಗೆ ಈ ಬರಹ.

ಗದಗ ಸೀಮೆಯವರಿಗೆ ನಾಟಕವೆಂದರೆ ಬರೀ ಹೊತ್ತು ಕಳೆಯುವ ಮಾತಲ್ಲ. ಮರಾಠಿ ನಾಟಕ ಕಂಪನಿಗಳು ಮೆರೆಯುತ್ತಿದ್ದ ಕಾಲದಲ್ಲಿ ಶಾಂತಕವಿಗಳು ಕನ್ನಡದಲ್ಲೇ ನಾಟಕ ಬರೆದು ಗದಗಿನಲ್ಲಿ ಮಂಡಳಿ ಕಟ್ಟಿ ಆಡಿಸಿದರು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಇಲ್ಲಿನದೇ. ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯೇ ದುಡಿದಿದೆ. ಪುಟ್ಟರಾಜ ಗವಾಯಿಗಳು ಅದಕ್ಕಾಗಿ ತಾವೇ ನಾಟಕ ಬರೆದರು. ಆದರೆ ಕಂಪನಿಗಳು ಜಾತ್ರೆಗೆ ಬಂದು, ಜಾತ್ರೆ ಮುಗಿದರೆ ತಂಬು ಕಿತ್ತು ಮುಂದಿನ ಊರಿಗೆ ಹೋಗುವವು. ವರ್ಷವಿಡೀ ನಮ್ಮದೆಂದು ಇದ್ದದ್ದು ಈ ರಂಗಮಂದಿರ ಒಂದೇ. ಶಾಲೆಗಳ ಗ್ಯಾದರಿಂಗ್, ರಾಜ್ಯೋತ್ಸವ, ಶ್ರಾವಣದ ಪುರಾಣ, ಕಣ್ಣಿನ ತಪಾಸಣೆ, ಹಿರಿಯರು ತೀರಿಕೊಂಡಾಗ ನುಡಿನಮನ, ಎಲ್ಲಕ್ಕೂ ಅದೇ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕಿನ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿದಾಗ, ಮನೆಮನೆಯ ರೊಟ್ಟಿ ಗಂಟುಗಳನ್ನು ಒಟ್ಟಿದ್ದೂ ಇದೇ ವೇದಿಕೆಯ ಮೇಲೆ.

2020ರ ಮಾರ್ಚಿನಲ್ಲಿ ಕೊರೊನಾಕ್ಕೆಂದು ಹಾಕಿದ ಬೀಗ, ಕೊರೊನಾ ಹೋದರೂ ಹಾಗೇ ಉಳಿಯಿತು. ಮೇಲಿನ ತಗಡು ಸೋರಿ ಪರದೆಗಳು ಕೊಳೆತವು. ಕೆಟ್ಟ ಬೀದಿದೀಪ, ಮುರಿದ ಕಸದ ಗಾಡಿಗಳು ಒಳಗೆ ಬಂದು ಬಿದ್ದವು. ಕೆಡವಿ ಅಂಗಡಿ ಸಾಲು ಕಟ್ಟುವ ಮಾತೂ ಎದ್ದಿತು. ಆ ಮಾತು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದನ್ನು ತಡೆದು, ಸಾಮಾನ್ಯ ಸಭೆಯಲ್ಲಿ ಪಕ್ಷ ಮರೆತು ರಿಪೇರಿಯ ಠರಾವು ಪಾಸು ಮಾಡಿದ ಸದಸ್ಯರಿಗೆ ನಮಸ್ಕಾರ. ಒಳಗಿನ ಹಳೇ ಕಬ್ಬಿಣವನ್ನೆಲ್ಲ ಹೊತ್ತು ಹಾಕಿದ ಎಪಿಎಂಸಿ ಹಮಾಲರಿಗೆ, ಕೂಲಿ ಬೇಡವೆಂದ ವೈರಿಂಗ್ ಹುಡುಗರಿಗೆ ನಮಸ್ಕಾರ. ಪೌರಕಾರ್ಮಿಕ ಅಕ್ಕಂದಿರು ನಸುಕಿನಿಂದ ಊರು ಗುಡಿಸಿ, ಪಾಳಿ ಮುಗಿಸಿ ಬಂದು, ಪಾರಿವಾಳದ ಹಿಕ್ಕೆ ಕೆರೆದು ನೆಲ ತೊಳೆದರು. "ನಮ್ಮ ಹುಡುಗಿನೂ ಇಲ್ಲೇ ಡ್ಯಾನ್ಸ್ ಮಾಡ್ಯಾಳ್ರಿ" ಎಂದರು ಅವರಲ್ಲೊಬ್ಬರು. ಅವರ ಋಣ ದೊಡ್ಡದು.

ಇನ್ನು ಗವಾಯಿ ಮಾಸ್ತರರ ಮಾತು. ಹೊಸ ತಗಡು ಹಾಕಿ ತಾಲೀಮು ಶುರು ಮಾಡಿದರೆ ಒಂದೊಂದು ಮಾತೂ ಎರಡೆರಡಾಗಿ ಕೇಳುತ್ತಿತ್ತು. ಮೈಕಿನ ದನಿ ಏರಿಸಿದಷ್ಟೂ ಗೊಂದಲ ಹೆಚ್ಚಾಯಿತು. ನಮಗೆ ಪೇಟಿ ನುಡಿಸುವ ಮಾಸ್ತರರು ಪುಣ್ಯಾಶ್ರಮದಲ್ಲಿ ಕಲಿತವರು, ಕಣ್ಣು ಕಾಣದವರು. ಒಬ್ಬ ಹುಡುಗನ ಹೆಗಲು ಹಿಡಿದು ಸಭಾಂಗಣದ ಉದ್ದಗಲ ನಡೆದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಚಪ್ಪಾಳೆ ತಟ್ಟಿ ಕಿವಿಗೊಟ್ಟರು. ಹಿಂದಿನ ಗೋಡೆ ಮುಟ್ಟಿದವರೇ ಅದರ ಮೇಲೆ ಅಂಗೈ ಇಟ್ಟು, "ದನಿ ಹೊಳ್ಳಿ ಬರೋದು ಇಲ್ಲಿಂದ ನೋಡ್ರಿ. ಮೆತ್ತಂದು ಏನರ ಇಳಿಬಿಡ್ರಿ. ಕೌದಿ ಆದ್ರೂ ನಡೀತೈತಿ" ಎಂದರು.

ಮರುದಿನ ಸಂಜೆಯೊಳಗೆ ಸ್ವಸಹಾಯ ಸಂಘದ ತಾಯಂದಿರು ಕೌದಿ ಹೊತ್ತು ಬಂದರು. ಹಳೇ ಇಳಕಲ್ ಸೀರೆ, ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಸೇರಿಸಿ ಕೈಯಿಂದ ಹೊಲಿದವು. ಗೋಡೆಯಿಂದ ಗೇಣು ದೂರಕ್ಕೆ ಹಗ್ಗ ಬಿಗಿದು ಸಾಲಾಗಿ ಇಳಿಬಿಟ್ಟೆವು. ಮಾಸ್ತರರು ಮತ್ತೊಮ್ಮೆ ಚಪ್ಪಾಳೆ ತಟ್ಟಿ, "ಹಾಂ, ಈಗ ಪೇಟಿ ತರ್ರಿ" ಎಂದರು. ನಾಟಕದ ರಾತ್ರಿ ಕೊನೆಯ ಸಾಲಿನ ಅಜ್ಜಂದಿರಿಗೂ ಮಾತು ಸ್ಪಷ್ಟವಾಗಿ ಕೇಳಿಸಿತು. ಮಾಸ್ತರರೇ, ತಾಯಂದಿರೇ, ನಿಮಗೆ ಏನು ಹೇಳಿದರೂ ಕಡಿಮೆ.

ಇನ್ನೊಬ್ಬರಿದ್ದಾರೆ. ಊರ ನಾಟಕಗಳಲ್ಲಿ ಸ್ತ್ರೀ ಪಾತ್ರಕ್ಕೆ ಗದಗ, ಹುಬ್ಬಳ್ಳಿಯಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಹಳ್ಳಿಯ ರಂಗಭೂಮಿ ಇವತ್ತಿಗೂ ಉಸಿರಾಡುತ್ತಿರುವುದು ಅವರ ದುಡಿಮೆಯಿಂದ. ಹಾಗೆ ಜೀವನವಿಡೀ ಬಣ್ಣ ಹಚ್ಚಿದ ಹಿರಿಯ ಕಲಾವಿದೆಯೊಬ್ಬರು ಈ ಸಲ ಪಾತ್ರ ಮಾಡಲಿಲ್ಲ, ನಮ್ಮೂರ ಹುಡುಗಿಯರಿಗೆ ಪಾತ್ರ ಕಲಿಸಲು ಬಂದರು. ಹೆಜ್ಜೆ ಇಡುವುದು, ಉಸಿರು ಹಿಡಿದು ಮಾತೊಗೆಯುವುದು, ತಮ್ಮ ಬಣ್ಣ ತಾವೇ ಹಚ್ಚಿಕೊಳ್ಳುವುದು, ಎಲ್ಲ ಹೇಳಿಕೊಟ್ಟರು. ಬಸ್ಸಿನ ಖರ್ಚು ಬಿಟ್ಟು ಒಂದು ರೂಪಾಯಿ ಮುಟ್ಟಲಿಲ್ಲ. ತಾಲೀಮಿಗೆ ರಾತ್ರಿಯಾಗುತ್ತದೆಂದು ಗೊತ್ತಿದ್ದೂ ಮಗಳಂದಿರನ್ನು ಕಳಿಸಿದ ತಂದೆತಾಯಿಯರು ಅವರನ್ನು ನಂಬಿದ್ದರಿಂದಲೇ ಕಳಿಸಿದರು.

ಆ ಹುಡುಗಿಯರಿಗೆ ನೇಪಥ್ಯದ ಹತ್ತಿರ ಒಂದು ಶೌಚಾಲಯ ಇನ್ನೂ ಆಗಬೇಕು. ಮುಂದಿನ ನಾಟಕದೊಳಗೆ ಕಟ್ಟಿಸಿಕೊಡುವುದಾಗಿ ಮುಖ್ಯಾಧಿಕಾರಿಗಳು ಮಾತು ಕೊಟ್ಟಿದ್ದಾರೆ. ಅವರಿಗೆ ಮುಂಗಡವಾಗಿಯೇ ವಂದನೆ. ಹೊಸ ತಾಲೀಮು ಬರುವ ಬುಧವಾರದಿಂದ, ಸಂಜೆ ಆರಕ್ಕೆ. ಬಾಗಿಲು ತೆರೆದೇ ಇರುತ್ತದೆ, ಬರ್ರಿ.