ಚಂದ್ರಗಿರಿಯ ಎರಡೂ ದಡಗಳನ್ನು ಓದಬಲ್ಲವರು

ಕಾಸರಗೋಡಿನ ಮಾತು ನಮ್ಮ ಸಂಘದ ಸಭೆಗಳಲ್ಲಿ ಬಂದಾಗಲೆಲ್ಲ ಅದು ಆ ಸೀಮೆ ಕೇರಳಕ್ಕೆ ಸೇರಿಹೋದ 1956ರ ನವೆಂಬರ್ 1ಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಗಡಿ ವಿವಾದಕ್ಕಾಗಿ ನೇಮಕವಾದ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಅದು 1967ರಲ್ಲಿ ಮಾಡಿದ ಶಿಫಾರಸು, ಆ ಶಿಫಾರಸು ಕಡತದಲ್ಲೇ ಉಳಿದ ಬೇಸರ. ಬೇಸರ ನ್ಯಾಯವಾದದ್ದೇ. ಆದರೆ ಗಡಿಯ ವಾದಕ್ಕೆ ಕೊಟ್ಟ ಸಮಯದಲ್ಲಿ ಕಾಲುಭಾಗವನ್ನೂ ಆ ನೆಲದ ಸಾಹಿತ್ಯ, ಇತಿಹಾಸ, ಆಚರಣೆಗಳ ಅಧ್ಯಯನಕ್ಕೆ ನಾವು ಕೊಟ್ಟಿಲ್ಲವೆಂಬುದು ನನ್ನ ದೂರು.

ಈ ಸೀಮೆಯ ಸಂಶೋಧನೆ ಬಹುಮಟ್ಟಿಗೆ ಮನೆಗಳಲ್ಲಿ ಬೆಳೆದದ್ದು. ಮಂಜೇಶ್ವರದ ಗೋವಿಂದ ಪೈಗಳು (1883–1963) ಮದರಾಸು ಸರಕಾರದಿಂದ ರಾಷ್ಟ್ರಕವಿಯೆನಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಅವರು ಬಾಳಿನ ಬಹುಭಾಗವನ್ನು ಶಾಸನಗಳ, ತುಳುನಾಡಿನ ಚರಿತ್ರೆಯ, ಕವಿಗಳ ಕಾಲನಿರ್ಣಯದ ಬೆನ್ನು ಹತ್ತಿ ಕಳೆದದ್ದು ಮಾತ್ರ ಪಠ್ಯಪುಸ್ತಕದ ಕವಿಪರಿಚಯದಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಹಾಗೆಯೇ, ತುಳುವಿಗೆ ಪಾಡ್ದನಗಳಂಥ ಮೌಖಿಕ ಸಂಪತ್ತಿದೆಯೇ ಹೊರತು ಹಳೆಯ ಲಿಖಿತ ಕಾವ್ಯವಿಲ್ಲವೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಿದವರು ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು. ತಾಳೆಗರಿಯ ಕಟ್ಟುಗಳಲ್ಲಿದ್ದ ವಿಷ್ಣುತುಂಗನ 'ಶ್ರೀ ಭಾಗವತೊ'ವಿನಂತಹ ಕಾವ್ಯಗಳನ್ನು ಅವರು ಓದಿ, ಸಂಪಾದಿಸಿ, ಅಚ್ಚಿಗೆ ತಂದರು. ಆ ಗರಿಗಳ ಲಿಪಿ ಮಲಯಾಳಂ ಲಿಪಿಗೆ ಹತ್ತಿರದ ನೆಂಟ, ಭಾಷೆ ತುಳು, ಅದರ ಮೇಲಿನ ವಿದ್ವತ್ ಚರ್ಚೆ ನಡೆದದ್ದು ಹೆಚ್ಚಾಗಿ ಕನ್ನಡದಲ್ಲಿ. ಈ ಮೂರರಲ್ಲಿ ಒಂದನ್ನು ಬಿಟ್ಟಿದ್ದರೂ ಕೆಲಸ ಕೂಡಿಬರುತ್ತಿರಲಿಲ್ಲ. 2024ರಲ್ಲಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಆ ಲಿಪಿ ಯೂನಿಕೋಡಿಗೆ ಸೇರಿದೆ. ಇನ್ನು ಬೆರಳಚ್ಚಿಗೆ ತೊಂದರೆಯಿಲ್ಲ, ಓದುವವರಿಗೇ ಬರ.

ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ವಿಚಾರವೂ ಇದೇ ಬಗೆಯದು. ಆತನ ಕಾಲದ ಬಗ್ಗೆ, ಪ್ರಸಂಗಗಳ ಕರ್ತೃತ್ವದ ಬಗ್ಗೆ ಕನ್ನಡ ವಿದ್ವಾಂಸರು ದಶಕಗಟ್ಟಲೆ ಜಗ್ಗಾಡಿದ್ದಾರೆ. ಆದರೆ ಆತನ ರಾಮಾಯಣ ಪ್ರಸಂಗಗಳಿಗೂ ಕೇರಳದ ಕೊಟ್ಟಾರಕ್ಕರ ತಂಬುರಾನನ, ಕಥಕ್ಕಳಿಗೆ ಮೂಲವೆನ್ನುವ ರಾಮನಾಟ್ಟಕ್ಕೂ ಇರುವ ಹೋಲಿಕೆಯ ಪ್ರಶ್ನೆಯನ್ನು ಎರಡೂ ಪಠ್ಯಗಳನ್ನು ಮೂಲದಲ್ಲೇ ಓದಬಲ್ಲವರು ಮಾತ್ರ ಇತ್ಯರ್ಥ ಮಾಡಬಲ್ಲರು. ಕೊಟ್ಟದ್ದೋ ತಂದದ್ದೋ ಎಂಬ ಅಭಿಮಾನದ ಜಗಳದಿಂದ ಯಾವ ಪದ್ಯದ ವಯಸ್ಸೂ ಗೊತ್ತಾಗುವುದಿಲ್ಲ.

ಆಚರಣೆಗಳತ್ತ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಉತ್ತರ ಕೇರಳದ ದೈವಾರಾಧನೆಯಾದ ತೆಯ್ಯದಲ್ಲಿ ವಿಷ್ಣುಮೂರ್ತಿಯ ತೋಟ್ಟಂಪಾಟ್ಟು, ಅಂದರೆ ದೈವದ ಹುಟ್ಟಿನ ಹಾಡು, ಹೇಳುವ ಕಥೆಯಲ್ಲಿ ನೀಲೇಶ್ವರದ ಪಾಲಂತಾಯಿ ಕಣ್ಣನೆಂಬ ಹುಡುಗ ಊರಿನ ಕುರುಪ್ಪನ ಕೋಪಕ್ಕೆ ಹೆದರಿ ಮಂಗಳೂರಿನ ಕಡೆಗೆ ಓಡಿಹೋಗುತ್ತಾನೆ, ಅಲ್ಲೊಬ್ಬ ಮುದುಕಿಯ ಆಶ್ರಯದಲ್ಲಿ ಬೆಳೆದು ವಿಷ್ಣುಮೂರ್ತಿಯ ಭಕ್ತನಾಗುತ್ತಾನೆ, ವರ್ಷಗಳ ಬಳಿಕ ಊರಿಗೆ ಮರಳಿದಾಗ ಅದೇ ಕುರುಪ್ಪನ ಕೈಯಲ್ಲಿ ಹತನಾಗುತ್ತಾನೆ. ಆಮೇಲೆ ಕುರುಪ್ಪನ ಮನೆಗೆ ಉಪದ್ರ ಶುರುವಾಗಿ, ದೈವವನ್ನು ನೀಲೇಶ್ವರದ ಕೋಟ್ಟಪ್ಪುರದಲ್ಲಿ ನೆಲೆಗೊಳಿಸಬೇಕಾಗುತ್ತದೆ. ಇದು ಮಲಯಾಳಂ ಹಾಡು. ಆದರೆ ದೈವ ನಡೆದುಬಂದ ದಾರಿ ತುಳುನಾಡಿನದು. ಇದನ್ನು ಕೇರಳದ ಜಾನಪದವೆಂದು ಅಲ್ಲಿನವರು, ನಮ್ಮದಲ್ಲವೆಂದು ನಾವು ಪಕ್ಕಕ್ಕಿಟ್ಟರೆ ಕಥೆಯ ಅರ್ಧ ದಾರಿ ಯಾರ ಪ್ರಬಂಧದಲ್ಲೂ ಸಿಗದು.

ದಾಖಲೆಗಳ ಸ್ಥಿತಿಯೂ ಚದುರಿದ್ದೇ. ಒಂದು ಗ್ರಾಮದ ಚರಿತ್ರೆ ಬರೆಯ ಹೊರಟವರು ಮದರಾಸು ಕಾಲದ ಕಡತಗಳಿಗೆ ಚೆನ್ನೈಗೆ ಹೋಗಬೇಕು, ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕಾಗದಪತ್ರಗಳಿಗೆ ಮಂಗಳೂರಿನಲ್ಲಿ ಹುಡುಕಬೇಕು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು, ಅದಕ್ಕೆ ಹಿಂದಿನ ಕೆಲವು ದಶಕಗಳಿಗೆ ಕಣ್ಣೂರನ್ನೂ ಕೇಳಬೇಕು. ಇವೆಲ್ಲ ಹೇಗೋ ಉಳಿದಿರುತ್ತವೆ, ಸರಕಾರಿ ಕಪಾಟಿಗೆ ಬೀಗವಾದರೂ ಇದೆ. ನನಗೆ ಹೆದರಿಕೆಯಿರುವುದು ಮನೆಯ ಅಟ್ಟಗಳ ಬಗ್ಗೆ. ಮೂಲಗೇಣಿ (ಕಾಯಂ ಗೇಣಿ) ಚೀಟುಗಳು, ಯಕ್ಷಗಾನ ಪ್ರಸಂಗದ ಕೈಬರಹದ ಪುಸ್ತಕಗಳು, ತಾಳೆಗರಿಗಳು, ಜಾತಕದ ಸುರುಳಿಗಳು ಇರುವ ಹಳೆಯ ಮನೆಗಳ ಯಜಮಾನರು ಈಗ ಊರಲ್ಲಿಲ್ಲ. ಅವರು ಈ ಸುದ್ದಿಪತ್ರದ ಓದುಗರು. ಮನೆ ಕೆಡವಿ ಜಾಗ ಮಾರುವ ವಾರದಲ್ಲಿ ಅಟ್ಟದ ಸಾಮಾನು ಎಲ್ಲಿಗೆ ಹೋಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ರಜೆಗೆ ಊರಿಗೆ ಹೋಗುವವರಲ್ಲಿ ಒಂದು ಕೋರಿಕೆ. ಕಟ್ಟನ್ನು ಬಿಚ್ಚಿ ಗರಿಗಳನ್ನು ಬೇರೆ ಮಾಡಬೇಡಿ, ಕ್ರಮ ತಪ್ಪಿದರೆ ಮತ್ತೆ ಜೋಡಿಸುವುದು ಪಂಡಿತರಿಗೂ ಕಷ್ಟ. ಗರಿಯ ಎರಡೂ ಮಗ್ಗುಲಿನ ಚಿತ್ರವನ್ನು, ಅಂಚಿನ ಅಂಕೆ ಕಾಣುವ ಹಾಗೆ, ಹಗಲು ಬೆಳಕಿನಲ್ಲಿ ತೆಗೆಯಿರಿ. ಒಣಗಿ ಮುರಿಯುವ ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವ ಕ್ರಮವುಂಟು, ಆದರೆ ಅದನ್ನು ಬಲ್ಲವರ ಕೈಗೇ ಬಿಡುವುದು ಒಳ್ಳೆಯದು. ಯಾವ ಮನೆ, ಯಾವ ಗ್ರಾಮ, ಯಾರು ಓದುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಅಲ್ಲೇ ಬರೆದಿಡಿ. ಮೂಲಪ್ರತಿಯನ್ನು ಇಲ್ಲಿಗೆ ತರುವುದು ಬೇಡ. ಅದು ಊರಿನಲ್ಲೋ, ಊರಿಗೆ ಹತ್ತಿರದ ಸಂಶೋಧನಾ ಕೇಂದ್ರದಲ್ಲೋ ಇರಲಿ.

ಮುಂದಿನ ಸಂಚಿಕೆಯಿಂದ ಇಂಥ ದಾಖಲೆಗಳಿಗಾಗಿ ಒಂದು ಪುಟ ಮೀಸಲು. ಮೊದಲನೆಯದಾಗಿ ಬದಿಯಡ್ಕ ಕಡೆಯ ಮನೆಯೊಂದರ ಮೂಲಗೇಣಿ ಚೀಟಿನ ಚಿತ್ರ ಕೈಸೇರಿದೆ. ಗೇಣಿ ಅಕ್ಕಿಯ ಮುಡಿಗಳ ಲೆಕ್ಕ, ಹಬ್ಬಕ್ಕೆ ಒಪ್ಪಿಸಬೇಕಾದ ಬುಳೆಕಾಣಿಕೆಯ ವಿವರ ಕನ್ನಡದಲ್ಲಿವೆ, ಕೊನೆಯಲ್ಲಿರುವ ಸಾಕ್ಷಿಯ ಸಹಿ ಮಲಯಾಳಂ ಅಕ್ಷರದಲ್ಲಿದೆ. ಕನ್ನಡ ಭಾಗವನ್ನು ಓದಿ ಮುಗಿಸಿದ್ದೇವೆ. ಮಲಯಾಳಂ ಹಳೆಯ ಕೈಬರಹ ಓದಬಲ್ಲ ಸದಸ್ಯರು, ಅಥವಾ ಅಂಥ ನೆರೆಮನೆಯವರಿರುವ ಸದಸ್ಯರು, ಸಂಪಾದಕ ಮಂಡಳಿಗೆ ತಿಳಿಸಿದರೆ ಆ ಸಹಿಯೊಂದಿಗೇ ಅಚ್ಚು ಮಾಡುತ್ತೇವೆ.