ಮುಟ್ಟು ನಿಲ್ಲುವ ಕಾಲ: ಸಂಘದ ಅಕ್ಕಂದಿರಿಗೆ

ಅಕ್ಕಂದಿರೇ, ವೈನಿಯವರೇ,

ಹೋದ ಸಭೆಯಲ್ಲಿ ಫ್ಯಾನ್ ಕೆಳಗೆ ಕೂತರೂ ನಾನು ಬೆವರಿ ಒದ್ದೆಯಾಗಿದ್ದೆ. "ವಿಜಯಪುರದ ಬಿಸಿಲು ರೀ" ಎಂದು ಎಲ್ಲರೂ ನಕ್ಕಿರಿ. ಅದು ಬಿಸಿಲಲ್ಲ. ನನಗೀಗ ಮುಟ್ಟು ನಿಲ್ಲುವ ಕಾಲ.

ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಇದು ಬರುತ್ತದೆ. ಈಸ್ಟ್ರೋಜನ್ ಹಾರ್ಮೋನು ಏರಿಳಿದು ಕಡಿಮೆಯಾಗುತ್ತದೆ. ಮೈ ಧಗಧಗ ಎನ್ನುವುದು, ನಡುರಾತ್ರಿ ಎಚ್ಚರ, ಸುಮ್ನೆ ಸಿಟ್ಟು, ಎಲ್ಲಕ್ಕೂ ಅದೇ ಕಾರಣ ಇರಬಹುದು. ಸೊಸೆ ಮೇಲೆ ರೇಗಿ ಆಮೇಲೆ ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ! ಪೂರಾ 12 ತಿಂಗಳು ಮುಟ್ಟಾಗದಿದ್ದರೆ ನಿಂತಿತು ಎಂದು ಲೆಕ್ಕ. ಅಲ್ಲಿಯವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇದೆ.

ನಾನು ರಾತ್ರಿ ಚಹಾ ಬಿಟ್ಟೆ, ಖಾರ ಕಡಿಮೆ ಮಾಡಿದೆ. ತೆಳ್ಳನೆ ಹತ್ತಿ ಸೀರೆ ಉಡುತ್ತೇನೆ. ಬೆಳಿಗ್ಗೆ ಗೋಳಗುಮ್ಮಟದ ಕಡೆ ಅರ್ಧ ಗಂಟೆ ನಡೆಯುತ್ತೇನೆ. ಈ ವಯಸ್ಸಿನಲ್ಲಿ ಎಲುಬು ಸವೆಯುವುದು ಜಾಸ್ತಿ. ಮೊಸರು ಬಿಡಬೇಡಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಂಕ್ರಾಂತಿಗೆ ಮಾತ್ರ ಯಾಕೆ, ಅಲ್ವಾ?

ತಡೆಯಲಾಗದಷ್ಟು ತ್ರಾಸು ಇದ್ದರೆ ಔಷಧ ಇದೆ. ಹಾರ್ಮೋನ್ ಗುಳಿಗೆ ಎಲ್ಲರಿಗೂ ಆಗಿಬರುವುದಿಲ್ಲ, ಡಾಕ್ಟರ್ ನೋಡಿಯೇ ಕೊಡಬೇಕು. ಪಕ್ಕದ ಮನೆಯವರ ಗುಳಿಗೆ ನುಂಗಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚದೆ, ತಡ ಮಾಡದೆ ತೋರಿಸಿ.

ಮಂಗಳವಾರ ಸಂಜೆ 4ಕ್ಕೆ ನಮ್ಮ ಮನೆಗೆ ಬನ್ನಿ, ಮಾತಾಡೋಣ. ಫೋನ್ ಮನೆಯವರ ಕೈಯಲ್ಲಿ ಇರುವವರು ಇಲ್ಲಿ ಉತ್ತರ ಬರೆಯುವುದು ಬೇಡ, ನೇರ ಬಂದುಬಿಡಿ.