ಬರೆದದ್ದನ್ನು ಅಳಿಸಬೇಡಿ, ಸ್ವಾಮಿ

ಸಂಪಾದಕರೇ,

ಮೊನ್ನೆ ಒಂದು ವೆಬ್‌ಸೈಟಿನಲ್ಲಿ ಉದ್ದನೆಯ ಅರ್ಜಿ ತುಂಬಿದೆ. ಮೊತ್ತ ಕೇಳಿದ ಕಡೆ ‘1,500’ ಅಂತ ಕಾಮಾ ಹಾಕಿ ಬರೆದಿದ್ದೆ, ಅಷ್ಟೇ. ಸಬ್ಮಿಟ್ ಒತ್ತಿದರೆ ‘ನಂಬರ್ ಫಾರ್ಮ್ಯಾಟ್ ಎಕ್ಸೆಪ್ಶನ್’ (ಅಂದರೆ, ಇದು ಸಂಖ್ಯೆಯ ಹಾಗಿಲ್ಲ) ಅಂತ ಪರದೆ ತುಂಬ ಇಂಗ್ಲಿಷು. ಹಿಂದಕ್ಕೆ ಹೋದರೆ ಅರ್ಜಿ ಪೂರ್ತಿ ಖಾಲಿ. ನಾನೂ ಹೊಟ್ಟೆಪಾಡಿಗೆ ಇಂಥ ಫಾರ್ಮ್‌ಗಳನ್ನೇ ಬರೆಯುವವನು, ಹಾಗಾಗಿ ಸಿಟ್ಟು ಸ್ವಲ್ಪ ಜಾಸ್ತಿಯೇ ಬಂತು.

ಫಾರ್ಮ್‌ನಿಂದ ಸರ್ವರ್‌ಗೆ ಹೋಗುವುದೆಲ್ಲ ಬರೀ ಅಕ್ಷರಗಳು. ವಯಸ್ಸು 42 ಅಂತ ಬರೆದರೂ ಅಲ್ಲಿಗೆ ತಲುಪುವುದು ಒಂದು 4, ಒಂದು 2. ಅದನ್ನು ಸಂಖ್ಯೆ ಮಾಡುವುದು, ದಿನಾಂಕ ಮಾಡುವುದು ಫ್ರೇಮ್‌ವರ್ಕಿನ, ಅಂದರೆ ವೆಬ್‌ಸೈಟ್ ಕಟ್ಟಲು ಸಿಗುವ ಸಿದ್ಧ ಕೋಡಿನ, ಕೆಲಸ. ಒಮ್ಮೊಮ್ಮೆ ಆಗುವುದಿಲ್ಲ, ಅದು ಸಹಜ. ಆಗದಿದ್ದಾಗ ಏನು ಮಾಡಬೇಕು ಅನ್ನುವುದಕ್ಕೂ ದಾರಿ ಇಟ್ಟಿದ್ದಾರೆ, ನಾವು ಆ ಕಡೆ ತಿರುಗಿಯೂ ನೋಡುವುದಿಲ್ಲ. ಸ್ಟ್ರಟ್ಸ್ 2 ಅನ್ನುವ ಜಾವಾ ಫ್ರೇಮ್‌ವರ್ಕಿನಲ್ಲಿ ವಯಸ್ಸಿನ ಜಾಗಕ್ಕೆ ‘ನಲವತ್ತು’ ಅಂತ ಬರೆದರೆ ಅದು ಆ ಪದವನ್ನೇ ಹಿಡಿದಿಟ್ಟುಕೊಂಡು ಫಾರ್ಮ್‌ನಲ್ಲಿ ವಾಪಸ್ ತೋರಿಸಬಲ್ಲದು, ಸೊನ್ನೆ ತುಂಬಿ ಕೊಡುವುದಿಲ್ಲ. ಸ್ಪ್ರಿಂಗ್ ಅನ್ನುವ ಇನ್ನೊಂದರಲ್ಲಿ, ಫಾರ್ಮ್‌ನ ಉತ್ತರಗಳನ್ನು ತುಂಬಿಕೊಳ್ಳುವ ಮಾಡೆಲ್ ಆಬ್ಜೆಕ್ಟಿನ ಬೆನ್ನಿಗೇ ಕೋಡಿನಲ್ಲಿ ‘ಬೈಂಡಿಂಗ್ ರಿಸಲ್ಟ್’ ಬರೆದುಕೊಂಡರೆ ತಪ್ಪೆಲ್ಲ ಅದರೊಳಗೆ ಬಂದು ಕೂರುತ್ತದೆ. ಮರೆತರೆ 400 ಎರರ್ (ಕಳಿಸಿದ್ದು ಸರಿಯಿಲ್ಲ ಅನ್ನುವ ಸರ್ವರ್ ಉತ್ತರ), ಅದೂ ನೇರ ಬಳಸುವವರ ಮುಖಕ್ಕೆ. ‘ಟೈಪ್ ಮಿಸ್‌ಮ್ಯಾಚ್’ ಅನ್ನುವ ತಪ್ಪಿಗೆ (ಸಂಖ್ಯೆ ಬೇಕಾದಲ್ಲಿ ಬೇರೇನೋ ಬಂದಾಗಿನದು) ಮೆಸೇಜ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ‘ಅಂಕಿ ಮಾತ್ರ ಬರೆಯಿರಿ, ಕಾಮಾ ಬೇಡ’ ಅಂತ ಕನ್ನಡದಲ್ಲೇ ಹೇಳಬಹುದು. ಐದು ನಿಮಿಷದ ಕೆಲಸ, ಅಲ್ವಾ?

ಆದರೆ ಕೂಗಾಡುವ ತಪ್ಪಿಗಿಂತ ಸುಮ್ನೆ ಇರುವ ತಪ್ಪೇ ನನಗೆ ಹೆಚ್ಚು ಭಯ. ಅಕ್ಷರಗಳನ್ನು ಸಂಖ್ಯೆ ಮಾಡುವ ಜಾವಾಸ್ಕ್ರಿಪ್ಟಿನ ‘ಪಾರ್ಸ್‌ಇಂಟ್’ಗೆ ಅದೇ ‘1,500’ ಕೊಟ್ಟು ನೋಡಿ. ಕಾಮಾ ಸಿಕ್ಕಿದಲ್ಲೇ ನಿಂತು 1 ಅನ್ನುತ್ತದೆ, ಯಾವ ದೂರೂ ಇಲ್ಲ. ದಿನಾಂಕ ಓದುವ ಜಾವಾದ ಹಳೆಯ ‘ಸಿಂಪಲ್ ಡೇಟ್ ಫಾರ್ಮ್ಯಾಟ್’ ಇನ್ನೂ ಉದಾರಿ: 2023ರ ಫೆಬ್ರವರಿ 31 ಅಂತ ಕೊಟ್ಟರೆ ಮಾರ್ಚ್ 3 ಮಾಡಿಕೊಂಡು ಮುಂದೆ ಹೋಗುತ್ತದೆ, ಈ ಸಡಿಲತೆಯನ್ನು ನಿಯಂತ್ರಿಸುವ ‘ಸೆಟ್ ಲೀನಿಯೆಂಟ್’ ಅನ್ನು ಫಾಲ್ಸ್ ಮಾಡುವ ತನಕ. ಡೇಟಾಬೇಸಿಗೆ ಇಂಥವು ಸೇರಿಬಿಟ್ಟರೆ ಆಮೇಲೆ ಹುಡುಕುವವನ ಪಾಡು ಕೇಳಬೇಡಿ, ನಾನು ಹುಡುಕಿದ್ದೇನೆ.

ಟೆಸ್ಟ್ ಮಾಡುವವರು ಜಾಗ ಖಾಲಿ ಬಿಟ್ಟು ನೋಡಿ ಸರಿ ಅಂದುಬಿಡುತ್ತಾರೆ. ಕಾಮಾ ಹಾಕಿ, ಕಾಪಿ ಮಾಡುವಾಗ ಕೊನೆಗೆ ಅಂಟಿಕೊಂಡ ಸ್ಪೇಸ್ ಸಮೇತ ಪೇಸ್ಟ್ ಮಾಡಿ, ತಿಂಗಳು ದಿನ ಅದಲುಬದಲು ಮಾಡಿ ಒಮ್ಮೆ ನೋಡಲಿ.

ಆ ಅರ್ಜಿಯನ್ನು ಮೊದಲಿಂದ ಮತ್ತೆ ತುಂಬಿದೆ, ಕಾಮಾ ಬಿಟ್ಟು. ಈ ಸಲ ದಿನಾಂಕ ಸರಿಯಿಲ್ಲ ಅಂತು.

– ಒಬ್ಬ ಪ್ರೋಗ್ರಾಮರ್